ಅಪ್ಪ-ಅವ್ವನ ಕತ್ತಲ ಲಗ್ನವನ್ನು ನಾವು ತಪ್ಪಾಗಿ ಹೇಳುತ್ತ ಬಂದಿದ್ದೇವೆ

2025ರ ಮೇ 7ರಂದು ದೇಶದಾದ್ಯಂತ ನಾಗರಿಕ ರಕ್ಷಣೆಯ ತಾಲೀಮು ನಡೆಸುವ ಆದೇಶ ಬಂದಾಗ, ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹುಡುಗರ ಉತ್ಸಾಹಕ್ಕೆ ಮಿತಿಯೇ ಇರಲಿಲ್ಲ. ಬೆಂಗಳೂರಿನ ಸೈರನ್ ಸದ್ದನ್ನು ಮೊಬೈಲಿನಲ್ಲಿ ಹಿಡಿದು ಹಾಕಿದವರು, ದೀಪ ಆರಿಸಿ ಕುಳಿತ ಚಿತ್ರ ಕಳಿಸಿದವರು ಎಲ್ಲರೂ ಕೊನೆಗೆ ಕೇಳಿದ್ದು ಒಂದನ್ನೇ: "ಅಜ್ಜಿ, ನಿಮ್ಮ ಕತ್ತಲ ಲಗ್ನದ ಕಥೆ ಹೇಳು." ಆ ಕಥೆ ನಮ್ಮ ಮನೆಯಲ್ಲಿ ಪ್ರತಿ ಮದುವೆ ಮುಂಜಿಯಲ್ಲೂ ಹೇಳಿ ನಕ್ಕು ಹಳತಾದದ್ದು. ಎಪ್ಪತ್ತನಾಲ್ಕರ ಅವ್ವ ಆ ಸಂಜೆ ಫೋನನ್ನು ಬದಿಗಿಟ್ಟು ನನಗೆ ಮಾತ್ರ ಕೇಳುವಂತೆ, "ಅದು ನಗೂ ಕಥಿ ಅಲ್ಲೋ" ಎಂದಳು. ಐವತ್ತು ವರ್ಷಕ್ಕೂ ಮೇಲೆ ನಗುವಿನ ಕಥೆಯೆಂದೇ ನಾವು ಅದನ್ನು ಹೇಳಿಸಿಕೊಂಡಿದ್ದೆವು. ಹಾಗಾಗಿ ಇದನ್ನು ಬರೆಯುವುದು ನನ್ನ ಕರ್ತವ್ಯವೆಂದು ತಿಳಿದು ಬರೆಯುತ್ತಿದ್ದೇನೆ.

ಲಗ್ನ ಧಾರವಾಡದಲ್ಲಿ ಆಗಬೇಕಿತ್ತು. 1971ರ ಡಿಸೆಂಬರ್ 9, ಗುರುವಾರ, ಗೋಧೂಳಿ ಮುಹೂರ್ತ. ಆ ವರ್ಷ ಪೂರ್ವ ಬಂಗಾಳದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದಿದ್ದರು; ಅವರ ನೆರವಿಗಾಗಿ ನವೆಂಬರ್ 15ರಿಂದ ಅಂಚೆಗೆ ಐದು ಪೈಸೆಯ ಹೆಚ್ಚುವರಿ ಚೀಟಿ ಅಂಟಿಸಬೇಕಾಗಿತ್ತು. ಕುಟುಂಬ ಯೋಜನೆಯ ಹಳೆಯ ಅಂಚೆಚೀಟಿಯ ಮೇಲೆಯೇ ನಿರಾಶ್ರಿತರ ಪರಿಹಾರ ಎಂಬ ಮಾತನ್ನು ಮುದ್ರಿಸಿ ಮೊದಲಿಗೆ ಹಂಚಿದ್ದರು. ಅವ್ವನ ಲಗ್ನಪತ್ರಿಕೆಗಳ ಲಕೋಟೆಗಳಿಗೆ ಆ ಚೀಟಿಗಳನ್ನು ಅಂಟಿಸಿದವಳು ಅವಳೇ. ಅಂದರೆ ಪಾಕಿಸ್ತಾನದೊಡನೆ ಯುದ್ಧ ಘೋಷಣೆಯಾಗುವುದಕ್ಕೆ ಎರಡು ವಾರ ಮೊದಲೇ ಆ ಯುದ್ಧ ಅವಳ ಬೆರಳಿಗೆ ಅಂಟಿತ್ತು, ಅವಳಿಗೆ ತಿಳಿದಿರಲಿಲ್ಲ ಅಷ್ಟೇ.

ಅಪ್ಪ ಮುಂಬಯಿಯ ನೌಕಾ ಹಡಗುಕಟ್ಟೆಯಲ್ಲಿ ನಾಗರಿಕ ನೌಕರ. ಸಮವಸ್ತ್ರವಿಲ್ಲ, ಪದಕವಿಲ್ಲ, ಹಡಗುಗಳ ಬಾಯ್ಲರ್ ದುರಸ್ತಿ ಅವರ ಕೆಲಸ. ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಬಾಂಬು ಹಾಕಿದವು, ಅಂದೇ ತುರ್ತು ಪರಿಸ್ಥಿತಿ ಘೋಷಣೆಯಾಯಿತು, ಮರುದಿನ ಅಪ್ಪನ ರಜೆ ರದ್ದಾದ ತಂತಿ ಧಾರವಾಡ ತಲುಪಿತು. ಲಗ್ನವನ್ನು ಮುಂದೂಡಬಹುದಿತ್ತಲ್ಲ ಎಂದು ಇಂದಿನವರು ಕೇಳುತ್ತಾರೆ. ವಾರ ಕಳೆದರೆ ಧನುರ್ಮಾಸ, ಅದರ ಬೆನ್ನಿಗೆ ಪುಷ್ಯ, ಮಾಘದವರೆಗೆ ಕಾಯಬೇಕು. ಅಷ್ಟರಲ್ಲಿ ಹಡಗುಕಟ್ಟೆಯ ಮೇಲೆ ಏನಾಗುತ್ತದೋ ಯಾರು ಬಲ್ಲರು ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ, ಆದರೆ ಎಲ್ಲರೂ ಲೆಕ್ಕಕ್ಕೆ ಹಿಡಿದಿದ್ದರು. ಹೆಣ್ಣನ್ನೇ ಮುಂಬಯಿಗೆ ಕರೆದೊಯ್ಯುವುದೆಂದು ನನ್ನ ತಾಯಿಯ ತಂದೆ ನಿರ್ಧರಿಸಿದರು. ಹನ್ನೊಂದು ಮಂದಿ, ಎರಡು ಟ್ರಂಕು, ರುಖವತ್ತಿನ ಚಕ್ಕುಲಿ ಉಂಡಿಗಳ ಒಂದು ಡಬ್ಬ. ಸೈನಿಕರ ಗಾಡಿಗಳಿಗೆ ದಾರಿ ಬಿಡುತ್ತ ನಿಲ್ದಾಣ ನಿಲ್ದಾಣದಲ್ಲೂ ಗಂಟೆಗಟ್ಟಲೆ ನಿಂತು, 8ರ ರಾತ್ರಿ ಅವರ ರೈಲು ಮುಂಬಯಿ ಸೇರಿತು.

ಮುಂಬಯಿ ಆ ಹದಿನಾಲ್ಕು ದಿನ ಹೇಗಿತ್ತೆಂಬುದನ್ನು ಅಲ್ಲಿನ ಹಳೆಯ ಕನ್ನಡಿಗರೆಲ್ಲ ಬಲ್ಲರು. ಮೋಟಾರುಗಳ ದೀಪದ ಮೇಲರ್ಧಕ್ಕೆ ಕಪ್ಪು ಬಣ್ಣ, ಕಿಟಕಿಯ ಗಾಜಿಗೆ ಕಂದು ಕಾಗದ, ಸಂಜೆಯಾದೊಡನೆ ಕತ್ತಲೆ. ಮಾಟುಂಗಾದ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ, ಪರಿಚಿತರೊಬ್ಬರ ಎರಡು ಕೋಣೆಯ ಮನೆಯೇ ಮಂಟಪವಾಯಿತು. ಬೆಳಗಿನ ಮುಹೂರ್ತ ನೋಡಬಹುದಿತ್ತು, ಆದರೆ ಅಪ್ಪನಿಗೆ ಸಿಕ್ಕಿದ್ದು ಹಗಲ ಪಾಳಿ ಮುಗಿದ ಮೇಲಿನ ಒಂದು ರಾತ್ರಿ ಮಾತ್ರ. ಹಾಗಾಗಿ ಗೋಧೂಳಿಯೇ ಉಳಿಯಿತು. ಹುಣ್ಣಿಮೆ ಕಳೆದು ವಾರವಾಗಿದ್ದುದರಿಂದ ಚಂದ್ರ ಮೂಡಲು ನಡುರಾತ್ರಿಯಾಗಬೇಕು. ಕಿಟಕಿಗಳಿಗೆ ಕಂಬಳಿ ಕಟ್ಟಿ, ಮೂಲೆಯಲ್ಲಿ ಒಂದೇ ಒಂದು ಸಮೆಯನ್ನು ಹಚ್ಚಿಟ್ಟಿದ್ದರಂತೆ. ಮಂಗಳಾಷ್ಟಕ ನಡೆದಿರುವಾಗಲೇ ಸೈರನ್ ಕೂಗಿತು, ಕೆಳಗಿನಿಂದ ಕಾವಲಿನವರು "ಲೈಟ್ ಬಂದ್ ಕರಾ!" ಎಂದು ಬಾಗಿಲು ಬಡಿದರು, ಸಮೆಯೂ ಆರಿತು. ಪುರೋಹಿತರು ನಿಲ್ಲಿಸಲಿಲ್ಲ. ಬಾಯಿಪಾಠದ ಮಂತ್ರಕ್ಕೆ ದೀಪ ಬೇಕಿಲ್ಲವೆಂದು ಆ ಕತ್ತಲೆಯಲ್ಲೇ ಮುಗಿಸಿದರು. ಅಕ್ಷತೆ ಯಾರಯಾರದೋ ತಲೆಯ ಮೇಲೆ ಬಿತ್ತು. ಅಪ್ಪ ಬೆರಳಿನಿಂದ ತಡವಿ ತಡವಿ ತಾಳಿ ಕಟ್ಟಿದರು.

ನಮ್ಮ ಮನೆಯ ಕಥೆ ಇಲ್ಲಿಗೆ ನಿಲ್ಲುತ್ತದೆ. ಸೋದರಮಾವ ಕತ್ತಲಲ್ಲಿ ಬೀಗರ ಕಾಲು ತುಳಿದದ್ದು, ಉಂಡಿಯ ಡಬ್ಬ ಎಡವಿ ಉರುಳಿದ್ದು, ಇವನ್ನು ಸೇರಿಸಿ ಎಲ್ಲರೂ ನಗುತ್ತಾರೆ. ನಾನೂ ಎಷ್ಟೋ ಬಾರಿ ಹಾಗೆಯೇ ಹೇಳಿದ್ದೇನೆ.

ಅವ್ವ ಈಗ ಹೇಳಿದ್ದು ಬೇರೆ. "ಅಂತರಪಟಾ ಸರಿಸಿದ್ರು. ಎದುರಿಗೆ ಏನೂ ಕಾಣಲಿಲ್ಲ. ಯಾರ ಕೈಯಾಗ ನನ್ನ ಕೈ ಕೊಟ್ರು ಅಂತ ನೋಡೋದಕ್ಕೂ ಆಗಲಿಲ್ಲ." ಇಪ್ಪತ್ತು ವರ್ಷದ ಹುಡುಗಿ, ಹಿಂದೆ ಒಮ್ಮೆ ಮಾತ್ರ ಕಂಡ ಗಂಡು, ಗುರುತಿಲ್ಲದ ಊರು, ತಲೆಯ ಮೇಲೆ ಸೈರನ್. ಅದಕ್ಕಿಂತ ಹೆಚ್ಚಾಗಿ ಆ ಹನ್ನೊಂದು ಮಂದಿಯಲ್ಲಿ ಅವಳ ತಾಯಿ ಇರಲಿಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಹೊರಡಲಾಗದೆ ನನ್ನ ಅಜ್ಜಿ ಧಾರವಾಡದಲ್ಲೇ ಉಳಿದಿದ್ದಳು. ಈ ಒಂದು ಸಂಗತಿ ನಮ್ಮ ಕಥೆಯಲ್ಲಿ ಎಂದೂ ಬಂದದ್ದಿಲ್ಲ. ಹೇಳುತ್ತಿದ್ದವರು ಗಂಡಸರು, ಅವರಿಗೆ ಆ ಕೊರತೆ ಕಂಡಿರಲಾರದು. ಕೇಳುತ್ತಿದ್ದ ನಾವಾದರೂ "ಅಜ್ಜಿ ಎಲ್ಲಿದ್ದಳು" ಎಂದು ಕೇಳಬಹುದಿತ್ತು.

ಇನ್ನೊಂದು ಸಂಗತಿ ಅಪ್ಪನದು. ಅವರು ಲಗ್ನದ ವಾರ್ಷಿಕೋತ್ಸವ ಮಾಡಗೊಡುತ್ತಿರಲಿಲ್ಲ. 1996ರಲ್ಲಿ ಇಪ್ಪತ್ತೈದು ವರ್ಷವಾಯಿತೆಂದು ನಾವು ಕೇಕು ತಂದಾಗ ಊಟ ಮುಗಿಸದೆ ಎದ್ದುಹೋಗಿದ್ದರು. ಆದರೆ ಪ್ರತಿ ಡಿಸೆಂಬರ್ 9ರ ರಾತ್ರಿ ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಮನೆಯ ದೀಪಗಳನ್ನು ಸ್ವಲ್ಪ ಹೊತ್ತು ಆರಿಸುತ್ತಿದ್ದರು. ಕತ್ತಲ ಲಗ್ನದ ನೆನಪಿಗೆ ಹಾಗೆ ಮಾಡುತ್ತಾರೆ, ಮೇಲೆ ಬಿರುಸು, ಒಳಗೆ ಪ್ರೀತಿ ಎಂದು ನಾವು ಅರ್ಥಮಾಡಿಕೊಂಡೆವು. ಅವರು ತೀರಿಕೊಂಡಾಗ ಶ್ರದ್ಧಾಂಜಲಿಯಲ್ಲಿ ನಾನೇ ಹಾಗೆ ಹೇಳಿದೆ. "ಲಗ್ನಾ ಆರು ಗಂಟೇಕ್ಕ ಆಗಿತ್ತು" ಎಂದಳು ಅವ್ವ. ಇಷ್ಟು ವರ್ಷ ಆ ವೇಳೆ ಹೊಂದುವುದಿಲ್ಲವೆಂಬುದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಐಎನ್‌ಎಸ್ ಖುಕ್ರಿ 1971ರ ಡಿಸೆಂಬರ್ 8ರಂದು ಮುಂಬಯಿಯಿಂದ ಹೊರಟ ಯುದ್ಧನೌಕೆ. ಮರುದಿನ ರಾತ್ರಿ ಎಂಟೂಮುಕ್ಕಾಲರ ಆಸುಪಾಸಿನಲ್ಲಿ, ದೀವ್ ತೀರದಾಚೆ, ಪಾಕಿಸ್ತಾನದ ಹ್ಯಾಂಗೊರ್ ಜಲಾಂತರ್ಗಾಮಿಯ ಟಾರ್ಪಿಡೊ ಬಡಿದು ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗನ್ನು ಬಿಟ್ಟು ಬರಲಿಲ್ಲ. ಅವರ ಹೆಸರು ದೇಶಕ್ಕೆ ಗೊತ್ತು, ಗೊತ್ತಿರಬೇಕಾದದ್ದೇ. ಅಪ್ಪನಿಗೆ ಗೊತ್ತಿದ್ದವರು ಆ ಹಡಗಿನ ಕೆಳಗಿನ ಅಂತಸ್ತಿನವರು, ಬಾಯ್ಲರ್ ಕೋಣೆಯ ಕಾವಿನಲ್ಲಿ ದುಡಿಯುತ್ತಿದ್ದವರು, ದುರಸ್ತಿಯ ದಿನಗಳಲ್ಲಿ ಅವರೊಡನೆ ಒಂದೇ ಕೆಟಲ್‌ನ ಚಹಾ ಕುಡಿದವರು. ಹೊರಡುವ ಮುನ್ನಾದಿನ ಅವರಲ್ಲೊಬ್ಬ, ಲಗ್ನದ ಸಿಹಿಯನ್ನು ತಿರುಗಿ ಬಂದ ಮೇಲೆ ಕೊಡು ಎಂದಿದ್ದನಂತೆ. ಲಗ್ನದ ಮರುದಿನ ನಸುಕಿನಲ್ಲೇ ಕೆಲಸಕ್ಕೆ ಹೋದ ಅಪ್ಪ ಮೂರು ದಿನ ಮನೆಗೆ ಬರಲಿಲ್ಲ. ಬಂದವರು ಹೊಸ ಹೆಂಡತಿಗೆ ಮೊದಲು ಆಡಿದ ಮಾತು, "ಅದು ಮುಳುಗೋ ಹೊತ್ತಿಗೆ ನಾವು ಉಣ್ಣಾಕ ಕೂತಿದ್ವಿ." ಮತ್ತೆ ಆ ವಿಷಯ ಎತ್ತಲಿಲ್ಲ, ಎತ್ತಬೇಡವೆಂದೂ ಹೇಳಲಿಲ್ಲ. ಅವ್ವ ಅದನ್ನು ಮಕ್ಕಳಿಗೆ ಹೇಳದೆ ಐವತ್ತಮೂರು ವರ್ಷ ಕಾದಿಟ್ಟಳು.

ಮೇ ತಿಂಗಳ ಆ ದಿನಗಳಲ್ಲಿ ನಮ್ಮವರೇ ಯುದ್ಧ ಬೇಗ ಆಗಲಿ, ಜೋರಾಗಿ ಆಗಲಿ ಎಂದು ಬರೆಯುತ್ತಿದ್ದಾಗ, ಪಂಜಾಬ್, ರಾಜಸ್ಥಾನದ ಗಡಿಯ ಊರುಗಳಲ್ಲಿ ದೀಪ ಹಚ್ಚುವಂತಿಲ್ಲವೆಂದು ಲಗ್ನಗಳನ್ನು ಹಗಲಿಗೆ ಬದಲಾಯಿಸುತ್ತಿದ್ದರು. ಆ ವಧುಗಳ ಕಥೆಯೂ ಕೆಲವೇ ವರ್ಷಗಳಲ್ಲಿ ನಗುವಿನ ಕಥೆಯಾಗಿಬಿಡುತ್ತದೆ ಎಂಬ ಚಿಂತೆ ನನ್ನದು. ದೇಶದ ರಕ್ಷಣೆಗೆ ಯುದ್ಧ ಅನಿವಾರ್ಯವಾದಾಗ ಆಗಲಿ, 1971ರದು ಹಾಗೆ ಅನಿವಾರ್ಯವಾಗಿತ್ತೆಂದು ಅಪ್ಪನೂ ಕೊನೆಯವರೆಗೆ ನಂಬಿದ್ದರು. ಆದರೆ ಅದನ್ನು ಅಕ್ಷತೆ ಹಾಕುವ ಉಮೇದಿನಲ್ಲಿ ಕರೆಯಬಾರದು. ನಿಮ್ಮ ಮನೆಯಲ್ಲೂ ಇಂಥ ಲಗ್ನವನ್ನು ಕಂಡ ಹೆಣ್ಣುಮಕ್ಕಳು ಬದುಕಿದ್ದರೆ, ಹತ್ತು ಜನರ ನಡುವೆ ಅಲ್ಲ, ಒಬ್ಬರೇ ಕುಳಿತು ಕೇಳಿ. ಮತ್ತು ಅವರು ಸುಮ್ಮನಾದಾಗ ಮಾತು ಬದಲಿಸಬೇಡಿ.

ಇದನ್ನು ಇಲ್ಲಿ ಹಾಕುವ ಮೊದಲು ಅವ್ವನಿಗೆ ಓದಿ ತೋರಿಸಿದೆ. ಹಡಗಿನ ಭಾಗ ಬಂದಾಗ ಕಣ್ಣು ಮುಚ್ಚಿ ಕೇಳಿದಳು, ಏನೂ ತಿದ್ದಲಿಲ್ಲ. ಕೊನೆಗೆ, "ನಮ್ಮವ್ವಂದು ಒಂದು ಬಿಟ್ಟೀದಿ, ಬರಿ" ಎಂದಳು. ಆ 9ರ ಸಂಜೆ ನನ್ನ ಅಜ್ಜಿ ಧಾರವಾಡದ ಮನೆಯಲ್ಲಿ ಗಡಿಯಾರ ನೋಡಿಕೊಂಡು ಕುಳಿತು, ಆರು ಹೊಡೆದೊಡನೆ ದೇವರ ಮುಂದೆ ದೀಪ ಹಚ್ಚಿ, ಮುಂಬಯಿಯ ದಿಕ್ಕಿಗೆ ತಿರುಗಿ, ಒಬ್ಬಳೇ ಅಕ್ಷತೆ ಹಾಕಿದಳಂತೆ.