ಚಕ್ರವರ್ತಿಯ ಮೂಗು ಮತ್ತು ಒಂದಿಷ್ಟು ಕಿಲುಬು

ಪ್ರಾಚೀನ ನಾಣ್ಯದ ಗೀಳು ಹತ್ತಿಸುವುದು ಬಹುಮಟ್ಟಿಗೆ ನಾಲ್ಕನೇ ಶತಮಾನದ ರೋಮನ್ ಕಂಚು. ಚಕ್ರವರ್ತಿ ಕಾನ್‌ಸ್ಟಂಟೈನ್ ಮತ್ತು ಅವನ ಮಕ್ಕಳು ಇದನ್ನು ಲೆಕ್ಕವಿಲ್ಲದಷ್ಟು ಹೊಡೆಸಿ ಹೋಗಿದ್ದಾರೆ, ಹಾಗಾಗಿ ಹೊಸಬರ ಕೈಗೂ ಸಿಗುತ್ತದೆ. ಸಾವಿರದ ಏಳುನೂರು ವರ್ಷ ಹಳೆಯದೊಂದು ಅಂಗೈಯಲ್ಲಿ ಕೂತಿದೆ ಎಂಬ ಪುಳಕ ಒಂದೆರಡು ಗಂಟೆ ಇರುತ್ತದೆ. ಆಮೇಲೆ ಏಳುವುದೇ ಸಕಲ ಅನಾಹುತಗಳ ಮೂಲಪ್ರಶ್ನೆ: ಇದನ್ನು ಸ್ವಲ್ಪ ತಿಕ್ಕಿದರೆ ಹೇಗೆ?

ನಿಂಬೆರಸ, ವಿನೆಗರ್, ತಂತಿ ಬ್ರಷ್ ಸರದಿಯ ಮೇಲೆ ಬರುತ್ತವೆ. ಆಮ್ಲಕ್ಕೆ ಮಣ್ಣು ಯಾವುದು, ನಾಣ್ಯ ಯಾವುದು ಎಂಬ ಭೇದವಿಲ್ಲ. ಶತಮಾನಗಟ್ಟಲೆ ನೆಲದಲ್ಲಿದ್ದ ಕಂಚಿನ ಮೇಲ್ಮೈ ಗಟ್ಟಿ ಕಿಲುಬಾಗಿ ಬದಲಾಗಿರುತ್ತದೆ; ಮುಖ, ಅಕ್ಷರ, ಕಿರೀಟ ಎಲ್ಲ ಉಳಿದಿರುವುದು ಎಷ್ಟೋ ಸಲ ಆ ಪದರದಲ್ಲೇ. ರಾತ್ರಿ ನೆನೆಹಾಕಿ ಬೆಳಿಗ್ಗೆ ನೋಡಿದರೆ ನುಣ್ಣಗಿನ ಕೆಂಪು ಬಿಲ್ಲೆ. ಚಕ್ರವರ್ತಿಯ ಮೂಗು ಲೋಹದಲ್ಲಿರಲಿಲ್ಲ, ಕಿಲುಬಿನಲ್ಲಿತ್ತು. ಮೂರನೇ ಶತಮಾನದ ಕೊನೆಯ ನಾಣ್ಯವಾದರೆ ಮೇಲಿದ್ದ ತೆಳು ಬೆಳ್ಳಿ ಲೇಪವೂ ಜೊತೆಗೇ ಚರಂಡಿ ಸೇರಿರುತ್ತದೆ.

ಸರಿಯಾದ ದಾರಿ ತಾಳ್ಮೆಗೆಡಿಸುವಷ್ಟು ಸಪ್ಪೆ. ಗಾಜಿನ ಭರಣಿಯಲ್ಲಿ ಡಿಸ್ಟಿಲ್ಡ್ ವಾಟರ್, ಅದರಲ್ಲಿ ನಾಣ್ಯ. ವಾರಕ್ಕೊಮ್ಮೆ ನೀರು ಬದಲಿಸುತ್ತ, ನೀರು ಬಣ್ಣಗೆಡುವುದು ನಿಲ್ಲುವ ತನಕ ಕಾಯಬೇಕು, ತಿಂಗಳುಗಳೇ ಹಿಡಿಯಬಹುದು. ನಲ್ಲಿ ನೀರು ಬೇಡ, ಅದರ ಕ್ಲೋರೈಡ್ ಕಂಚಿಗೆ ವಿಷ. ಮಣ್ಣು ಮೆತ್ತಗಾದ ಮೇಲೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯ ಕೆಳಗಿಟ್ಟು ಮರದ ಟೂತ್‌ಪಿಕ್‌ನಿಂದ ಕೆದಕುವುದು. ಉಕ್ಕಿನ ಸೂಜಿ ಕಂಚಿಗಿಂತ ಗಟ್ಟಿ. ಒಮ್ಮೆ ಕೈ ಜಾರಿದರೆ ಕಾನ್‌ಸ್ಟಂಟೈನನ ಕೆನ್ನೆಯ ಮೇಲೆ ಇತಿಹಾಸಕಾರರಿಗೆ ಗೊತ್ತಿಲ್ಲದ ಯುದ್ಧಗಾಯ.

ಇಷ್ಟರ ನಂತರವೂ ಮಳೆಗಾಲದ ಒಂದು ದಿನ ಪೆಟ್ಟಿಗೆ ತೆರೆದರೆ ತಿಳಿಹಸಿರು ಪುಡಿ ಕಾಣಬಹುದು. ಅದೇ ಬ್ರಾಂಜ್ ಡಿಸೀಸ್. ಒಳಗಿರುವ ತಾಮ್ರದ ಕ್ಲೋರೈಡ್‌ಗೆ ತೇವ ಮತ್ತು ಗಾಳಿ ಸಿಕ್ಕರೆ ಆಮ್ಲ ಹುಟ್ಟುತ್ತದೆ, ಅದು ಇನ್ನಷ್ಟು ತಾಮ್ರ ತಿನ್ನುತ್ತದೆ, ಮತ್ತೆ ಅದೇ ಚಕ್ರ. ಒಳ್ಳೆಯ ಕಿಲುಬು ಗಟ್ಟಿ. ರೋಗದ್ದು ಕಡ್ಡಿ ತಾಗಿಸಿದರೆ ಉದುರುತ್ತದೆ. ಪುಡಿ ಕೆದಕಿ, ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ ಎಂಬ ಸೌಮ್ಯ ಕ್ಷಾರದ ದ್ರಾವಣದಲ್ಲಿ ವಾರಗಟ್ಟಲೆ ಇಟ್ಟು, ತೊಳೆದು, ಪೂರ್ತಿ ಒಣಗಿಸಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ ಶೇ. 40ಕ್ಕಿಂತ ಕಡಿಮೆ ತೇವಾಂಶದಲ್ಲಿ ಇಡಬೇಕು. ಪಕ್ಕದ ನಾಣ್ಯಕ್ಕೆ ಅಂಟುತ್ತದೆಂದು ಕೆಲವರು ರೋಗಿಯನ್ನು ಬೇರೆ ಕೋಣೆಗೇ ಸಾಗಿಸುತ್ತಾರೆ. ಅದು ಅಂಟುರೋಗವಲ್ಲ. ಒಂದೇ ಉಪ್ಪುಮಣ್ಣಿನಲ್ಲಿ ಮಲಗಿದ್ದವಕ್ಕೆ ಒಂದೇ ಕಾಯಿಲೆ, ಅಷ್ಟೇ. ಮೆತ್ತನೆಯ ಪಿವಿಸಿ ಆಲ್ಬಮ್‌ನಿಂದ ಬರುವ ಹಸಿರು ಜಿಡ್ಡು ಬೇರೆ ಸಂಗತಿ. ಅದು ಶುದ್ಧ ಆಸಿಟೋನ್‌ನಲ್ಲಿ ಅದ್ದಿದರೆ ಹೋಗುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಕೈ ಪಳಗಿದವರಿಗೆ ಮುಂದಿನ ಆಸೆ, ಪ್ರತಿ ಚಕ್ರವರ್ತಿಯದೂ ಒಂದೊಂದು ನಾಣ್ಯ ಇರಬೇಕೆಂಬುದು. ಇಲ್ಲಿಂದ ಸಂಗ್ರಾಹಕರ ನೀತಿಪ್ರಜ್ಞೆ ಕೆಡುತ್ತದೆ. ಕ್ರಿ.ಶ. 69ರಲ್ಲಿ ಓಥೋ ಆಳಿದ್ದು ಮೂರೇ ತಿಂಗಳು, ರೋಮ್‌ನಲ್ಲಿ ಹೊಡೆಸಿದ್ದು ಚಿನ್ನ, ಬೆಳ್ಳಿ ಮಾತ್ರ. 238ರ ಮೊದಲನೆಯ ಮತ್ತು ಎರಡನೆಯ ಗೋರ್ಡಿಯನ್ ಸುಮಾರು ಮೂರು ವಾರಕ್ಕೇ ಮುಗಿದರು. ಆಳಿದ್ದು ಕಡಿಮೆಯಾದಷ್ಟೂ ಬೆಲೆ ಜಾಸ್ತಿ. "ಇನ್ನೊಂದು ವರ್ಷ ಬದುಕಿದ್ದರೆ ಇವನ ಗಂಟೇನು ಹೋಗುತ್ತಿತ್ತು?" ಎಂದು ಎರಡು ಸಾವಿರ ವರ್ಷದ ಹಿಂದಿನ ಸಾವಿಗೆ ಮನಸಾರೆ ಮರುಗುವವರು ಇವರೊಬ್ಬರೇ.

ಬೆಲೆ ಏರಿದಲ್ಲಿ ನಕಲಿಯೂ ಬರುತ್ತದೆ. ಆಗ ಮನೆಗೆ ಬರುವುದು 0.01 ಗ್ರಾಂ ತೂಗುವ ತಕ್ಕಡಿ. ಪ್ರಾಚೀನ ಅಥೆನ್ಸಿನ ಗೂಬೆ ಚಿತ್ರದ ದೊಡ್ಡ ಬೆಳ್ಳಿ ನಾಣ್ಯ 17.2 ಗ್ರಾಂ ಆಸುಪಾಸು ಇರಬೇಕು. ಎರಕದ ನಕಲಿಗೆ ಅಂಚಿನಲ್ಲಿ ಜೋಡಣೆಯ ಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು, ಮೇಲ್ಮೈಯಲ್ಲಿ ಗುಳ್ಳೆ, ಕರಗಿದ ಸೋಪಿನಂಥ ಅಕ್ಷರ. ಹೊಸ ಅಚ್ಚಿನಿಂದ ಹೊಡೆದದ್ದಾದರೆ ತಕ್ಕಡಿಯೂ ಮೋಸಹೋಗುತ್ತದೆ. ಒಂದೇ ಗೀರು, ಒಂದೇ ಸವೆತ, ಒಂದೇ ಸೊಟ್ಟ ಅಂಚು ಇರುವ ಎರಡು ನಾಣ್ಯ ಕಂಡರೆ ಅನುಮಾನವೇ ಬೇಡ, ಒಂದಾದರೂ ನಕಲಿ. 1830ರಲ್ಲಿ ತೀರಿಕೊಂಡ ಜರ್ಮನಿಯ ನಕಲಿಕಾರ ಬೆಕರ್ ತಾನು ಹೊಡೆದ ನಾಣ್ಯಗಳನ್ನು ಕಬ್ಬಿಣದ ಪುಡಿ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಗಾಡಿಗೆ ಕಟ್ಟಿ ಓಡಾಡಿಸಿ ಹಳತು ಮಾಡುತ್ತಿದ್ದನಂತೆ. ಅವನ ನಕಲಿಗಳನ್ನೇ ಹುಡುಕಿ ಕೂಡಿಡುವವರು ಈಗ ಇದ್ದಾರೆ. ತಾಮ್ರಕ್ಕೆ ಬೆಳ್ಳಿ ಹೊದಿಸಿದ ಪ್ರಾಚೀನ ಕಾಲದ ಖೋಟಾ ಸಿಕ್ಕಾಗಲೂ ಹೀಗೆಯೇ: ಮೊದಲು ಅಳು, ಆಮೇಲೆ ಅದಕ್ಕೊಂದು ಪ್ರತ್ಯೇಕ ಟ್ರೇ.

ವರ್ಷ ಕಳೆದಂತೆ ಆಸಕ್ತಿ ಸಣ್ಣದಾಗುತ್ತದೆ, ಪುಸ್ತಕದ ಕಪಾಟು ದೊಡ್ಡದಾಗುತ್ತದೆ. ಎಲ್ಲ ಚಕ್ರವರ್ತಿಗಳೂ ಹೋಗಿ ಒಬ್ಬನೇ ಉಳಿಯುತ್ತಾನೆ. ಅವನೂ ಹೋಗಿ ಒಂದೇ ಟಂಕಸಾಲೆ. ನಾಣ್ಯದ ಹಿಂಬದಿಯ ಕೆಳತುದಿಯ ಸಣ್ಣಕ್ಷರಗಳು ಹೊಡೆದ ಊರು ಆಂಟಿಯಾಕ್ ಅಂದರೆ ಸಂತೋಷ, ಪಕ್ಕದ ಒಂಟಿ ಅಕ್ಷರ ಟಂಕಸಾಲೆಯ ಯಾವ ವಿಭಾಗವೆಂದು ಹೇಳಿದರೆ ಹಬ್ಬ. ಅಚ್ಚು ಬಿರುಕುಬಿಟ್ಟು ಮುಖದ ಮೇಲೆ ಗೆರೆ ಮೂಡಿದ ಕುರೂಪಿಗೆ ಸುಂದರಾಂಗನಿಗಿಂತ ಮರ್ಯಾದೆ ಹೆಚ್ಚು, ಏಕೆಂದರೆ ಬಿರುಕು ಬೆಳೆದ ಕ್ರಮದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಹೊಡೆದದ್ದೆಂದು ಜೋಡಿಸಬಹುದು. ಹೊರಗಿನಿಂದ ನೋಡುವವರಿಗೆ ಎಲ್ಲವೂ ಒಂದೇ.

ಮುಂಬದಿಯ ಚಿತ್ರಕ್ಕೆ ಹಿಂಬದಿಯ ಚಿತ್ರ ಎಷ್ಟು ಕೋನ ತಿರುಗಿದೆ ಎಂದು ನೋಡಲು ನಾಣ್ಯವನ್ನು ಅಂಚಿನಲ್ಲಿ ಹಿಡಿದು ತಿರುಗಿಸುವಾಗ ಕೆಳಗೆ ದಪ್ಪ ಬಟ್ಟೆ ಹಾಸಿರಲಿ. ಹಳೆಯ ಬೆಳ್ಳಿ ಒಳಗೊಳಗೇ ಹರಳುಗಟ್ಟಿ ಪೆಡಸಾಗಿರುತ್ತದೆ, ಗಟ್ಟಿ ನೆಲಕ್ಕೆ ಬಿದ್ದರೆ ಎರಡು ಹೋಳು. ಒಳಗೆ ತಾಮ್ರವಿದೆಯೋ ಇಲ್ಲವೋ ಎಂಬ ಸಂಶಯ ಮಾತ್ರ ಆಗ ಪೂರ್ತಿ ತೀರುತ್ತದೆ.