ಹದಿನೈದರ ನನಗೆ, ಐವತ್ತರ ನನ್ನಿಂದ

ಈಗ ಯಾರನ್ನು ನೋಡಿದರೂ ಹದಿನೈದನೇ ವಯಸ್ಸಿನ ತಮಗೇ ಪತ್ರ ಬರೆದು ಬುದ್ಧಿ ಹೇಳುತ್ತಿದ್ದಾರೆ. 'ಮಾರ್ಕ್ಸ್ ಬಗ್ಗೆ ತಲೆ ಕೆಡಿಸ್ಕೋಬೇಡ ಮರಿ. ಚೆನ್ನಾಗಿ ನಿದ್ದೆ ಮಾಡು. ಯಾರೂ ನಿನ್ನನ್ನ ನೋಡ್ತಾ ಕೂತಿಲ್ಲ.' ಎಷ್ಟು ಅಕ್ಕರೆ! ಕೇಳಬೇಕಾದ ಹುಡುಗ ಮಾತ್ರ ಯಾವತ್ತೋ ಜಾಗ ಖಾಲಿ ಮಾಡಿದ್ದಾನೆ. ಅದೇ ವಯಸ್ಸಿನ ಇನ್ನೊಬ್ಬ ಪಕ್ಕದ ರೂಮಿನಲ್ಲೇ ಇದ್ದಾನೆ. ಅವನಿಗೆ ಸಿಗುವ ಮಾತು ಬೇರೆ: 'ಆ ಎರಡು ಮಾರ್ಕ್ಸ್ ಎಲ್ಲಿ ಹೋಯ್ತು?'

ಕೆಟ್ಟ ಮೇಲೆ ಬುದ್ಧಿ ಬರುತ್ತದೆ ಅಂತಾರೆ. ಬಂದಿದೆ, ಸುಳ್ಳಲ್ಲ. ಆದರೆ ಈ ಬುದ್ಧಿ ಹಿಂದಕ್ಕೆ ಎಷ್ಟು ವರ್ಷ ಬೇಕಾದರೂ ಓಡುತ್ತದೆ, ಪಕ್ಕದ ರೂಮಿನ ಬಾಗಿಲು ಮಾತ್ರ ತಟ್ಟುವುದಿಲ್ಲ.

ಶಾಲೆಯ ಬಹುಮಾನ ವಿತರಣೆಗೆ ಒಮ್ಮೆ ಹೋಗಿ ನೋಡಿ. ಮುಖ್ಯ ಅತಿಥಿಗಳು ಮೈಕ್ ಹಿಡಿದು 'ಮಕ್ಕಳೇ, ಮಾರ್ಕ್ಸ್ ಮುಖ್ಯ ಅಲ್ಲ' ಎನ್ನುತ್ತಾರೆ. ಚಪ್ಪಾಳೆ. ಅದಕ್ಕೂ ಮೊದಲು ಅವರ ಪರಿಚಯ ಓದಿದ ಮೇಷ್ಟ್ರು 'ಶಾಲೆಯಲ್ಲಿ ಸದಾ ಮೊದಲಿಗರು' ಎಂದದ್ದನ್ನು ಎಲ್ಲರೂ ಅಷ್ಟರಲ್ಲಿ ಮರೆತಿರುತ್ತಾರೆ. ಭಾಷಣ ಮುಗಿಯುತ್ತದೆ. ಅದೇ ಕೈಯಿಂದ ಬಹುಮಾನ ಕೊಡುತ್ತಾರೆ. ಯಾವ ಕ್ರಮದಲ್ಲಿ? ಮಾರ್ಕ್ಸ್ ಕ್ರಮದಲ್ಲಿ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಹಿಂದಿನ ಸಾಲಿನ ಹುಡುಗ. ಅವನಿಗೆ ವೇದಿಕೆಯ ಕಡೆ ಕೆಲಸವಿಲ್ಲ, ಕುರ್ಚಿ ಎತ್ತಿಡುವ ಕೆಲಸ ಇದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞ ಒಂದು ಮಾತು ತೋರಿಸಿಕೊಟ್ಟರು. ವಾಪಸ್ ಬಂದ ವಿಮಾನಗಳ ಮೇಲಿನ ಗುಂಡಿನ ತೂತುಗಳನ್ನಷ್ಟೇ ಎಣಿಸಬೇಡಿ, ವಾಪಸ್ ಬಾರದ ವಿಮಾನಗಳಿಗೆ ಎಲ್ಲಿ ಪೆಟ್ಟು ಬಿತ್ತು ಅಂತ ಯೋಚಿಸಿ. ನಮ್ಮ ವೇದಿಕೆಗೆ ಬರುವವರೆಲ್ಲ ವಾಪಸ್ ಬಂದ ವಿಮಾನಗಳೇ. ಮಾರ್ಕ್ಸ್ ಬಾರದೆ ನಿಜಕ್ಕೂ ಹಿಂದೆ ಬಿದ್ದವನಿಗೆ ಯಾರು ಶಾಲು ಹೊದಿಸಿ ಅನುಭವ ಕೇಳುತ್ತಾರೆ?

ನಿದ್ದೆಯ ಕಥೆ ಇನ್ನೂ ಚೆನ್ನಾಗಿದೆ. ಹದಿವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗುತ್ತದೆ. ನಿದ್ದೆ ಬರಿಸುವ ಮೆಲಟೋನಿನ್ ರಾತ್ರಿ ಲೇಟಾಗಿ ಏರುತ್ತದೆ, ಬೆಳಿಗ್ಗೆ ಲೇಟಾಗಿ ಇಳಿಯುತ್ತದೆ. ಸೋಮಾರಿತನ ಅಲ್ಲ ಇದು, ಮೈಯೇ ಹಾಗೆ. 2014ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ, ಈ ವಯಸ್ಸಿನವರ ಶಾಲೆ ಎಂಟೂವರೆಗೆ ಮೊದಲು ಶುರುವಾಗಬಾರದು ಎಂದಿತು. ಕ್ಯಾಲಿಫೋರ್ನಿಯಾದಲ್ಲಿ ಪ್ರೌಢಶಾಲೆಗಳಿಗೆ ಅದನ್ನು 2019ರಲ್ಲಿ ಕಾನೂನು ಮಾಡಿ 2022ರಲ್ಲಿ ಜಾರಿಗೆ ತಂದರು. ಹುಡುಗ ಇನ್ನೊಂದಿಷ್ಟು ಹೊತ್ತು ಮಲಗಲು ಶಾಸಕರು ಎಚ್ಚರ ಇರಬೇಕಾಯಿತು. ನಮ್ಮ ಬರಹಗಾರ ಮಾತ್ರ ಬೆಳಿಗ್ಗೆ ಐದಕ್ಕೆ ಮಗನ ಹೊದಿಕೆ ಎಳೆದು, ಲೈಟ್ ಹಾಕಿ, ತನ್ನ ರೂಮಿಗೆ ಬಂದು ಬರೆಯುತ್ತಾನೆ: 'ಆಗ ಇನ್ನೂ ಸ್ವಲ್ಪ ಮಲಗಬೇಕಿತ್ತು ನಾನು.'

ಇನ್ನು ಆ 'ಯಾರೂ ನಿನ್ನನ್ನ ನೋಡ್ತಾ ಕೂತಿಲ್ಲ'. ಇದಕ್ಕೆ ಆಧಾರವೂ ಇದೆ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ವಿದ್ಯಾರ್ಥಿಗಳಿಗೆ ಮುಜುಗರದ ಚಿತ್ರವಿರುವ ಟೀ ಶರ್ಟ್ ತೊಡಿಸಿ ಒಂದು ರೂಮಿಗೆ ಕಳಿಸಿದರು. 2000ದಲ್ಲಿ ಅದು ಪ್ರಕಟವಾಯಿತು. ಹೆಚ್ಚುಕಡಿಮೆ ಅರ್ಧ ಜನ ಗಮನಿಸಿದ್ದಾರೆ ಅಂತ ತೊಟ್ಟವರು ಅಂದುಕೊಂಡರು. ಗಮನಿಸಿದ್ದು ಕಾಲುಭಾಗದಷ್ಟು. ಸಮಾಧಾನ ಆಯ್ತು ಅಲ್ವಾ? ಆದರೆ ಆ ವಿದ್ಯಾರ್ಥಿಗಳ ಟೀ ಶರ್ಟಿನ ಫೋಟೋವನ್ನು ಯಾರೂ ಫ್ಯಾಮಿಲಿ ಗ್ರೂಪಿಗೆ ಹಾಕಿರಲಿಲ್ಲ. ನಮ್ಮಲ್ಲಿ ಮಾರ್ಕ್ಸ್ ಕಾರ್ಡ್ ಹುಡುಗನ ಕೈಗೆ ಬರುವ ಮೊದಲೇ ಚಿಕ್ಕಪ್ಪ, ದೊಡ್ಡಮ್ಮ, ಅವರ ಪಕ್ಕದ ಮನೆಯವರೂ ನೋಡಿಯಾಗಿರುತ್ತದೆ.

ಇಂಥ ಪತ್ರ ಬರೆದ ಪರಿಚಯದವರೊಬ್ಬರಿಗೆ ಒಂದು ಸಲಹೆ ಕೊಟ್ಟೆ. ಬರೆದದ್ದು ಚೆನ್ನಾಗಿದೆ, ಮೇಲಿನ ಹೆಸರು ಬದಲಿಸಿ ಮಗನಿಗೆ ಕೊಟ್ಟುಬಿಡಿ ಅಂದೆ. ಅವರು ಗಾಬರಿಯಾದರು. 'ಛೆ ಛೆ, ಪರೀಕ್ಷೆ ಮುಗೀಲಿ ಮಾರಾಯ್ರೇ. ಈಗಲೇ ಓದಿದ್ರೆ ನಂಬಿಬಿಡ್ತಾನೆ!'