ಪರ-ವಿರೋಧ: ದುಬಾರಿ ಕಾರಿನ ಮೇಲಿನ ತೆರಿಗೆ ಇಳಿಯಬೇಕಾ?

ಪರ: ಕಾರು ಕೊಂಡೆನಾ, ತೆರಿಗೆ ಕೊಂಡೆನಾ?
(ಬರೆದವರು ತಿಪಟೂರು ತಾಲ್ಲೂಕಿನ ತೆಂಗು ಬೆಳೆಗಾರರು)

ಮೊದಲು ಒಂದು ಲೆಕ್ಕ ಹಾಕಿಬಿಡೋಣ. ಕಂಪನಿ ಒಂದು ದೊಡ್ಡ ಕಾರು ಮಾಡಿತು. ಅದರ ಲಾಭ, ಡೀಲರ್ ಲಾಭ ಎಲ್ಲ ಸೇರಿ 20 ಲಕ್ಷ ಅಂತ ಇಟ್ಟುಕೊಳ್ಳಿ. ಅದಕ್ಕೆ ಜಿಎಸ್‌ಟಿ ಶೇ. 40. ಅಂದರೆ 8 ಲಕ್ಷ. ಶೋರೂಮ್ ಬೆಲೆ 28 ಲಕ್ಷ ಆಯಿತು. ಆಮೇಲೆ ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್, ಅಂದರೆ ರಿಜಿಸ್ಟರ್ ಮಾಡಿಸುವಾಗ ಒಂದೇ ಸಲ ಕಟ್ಟುವ ರಸ್ತೆ ತೆರಿಗೆ. 20 ಲಕ್ಷ ದಾಟಿದ ಕಾರಿಗೆ ಶೇ. 18. ಇದನ್ನು ಯಾವುದರ ಮೇಲೆ ಹಾಕುತ್ತಾರೆ? ಕಾರಿನ 20 ಲಕ್ಷದ ಮೇಲಲ್ಲ, ಜಿಎಸ್‌ಟಿ ಸೇರಿದ 28 ಲಕ್ಷದ ಮೇಲೆ. 5,04,000 ರೂಪಾಯಿ. ಆ ತೆರಿಗೆ ಮೇಲೆ ಮತ್ತೆ ಶೇ. 11 ಸೆಸ್. 55,440 ರೂಪಾಯಿ.

ಕೂಡಿಸಿ ನೋಡಿ. 20 ಲಕ್ಷದ ಕಾರಿಗೆ 13,59,440 ರೂಪಾಯಿ ತೆರಿಗೆ. ತೆರಿಗೆ ಮೇಲೆ ತೆರಿಗೆ, ಅದರ ಮೇಲೆ ಸೆಸ್. ಮುದ್ದೆ ಮೇಲೆ ಮುದ್ದೆ ಇಟ್ಟ ಹಾಗೆ. ವಿಮೆ ಕಟ್ಟಿದರೆ ಅದಕ್ಕೂ ಶೇ. 18 ಜಿಎಸ್‌ಟಿ. 10 ಲಕ್ಷ ದಾಟಿದ ಕಾರಿಗೆ ಇನ್ನೊಂದು ಶೇ. 1 ಟಿಸಿಎಸ್ ಅಂತ, ಆದಾಯ ತೆರಿಗೆಯ ಲೆಕ್ಕಕ್ಕೆ ಮುಂಗಡವಾಗಿ ಹಿಡಿಯುತ್ತಾರೆ. ಅದು ರಿಟರ್ನ್ ಹಾಕಿದರೆ ವಾಪಸ್ ಬರುತ್ತದಂತೆ. ಬಂದಾಗ ಬರಲಿ, ಕೊಡುವಾಗ ಜೇಬಿನಿಂದ ಹೋಗುವುದು ನಿಜ ತಾನೆ?

ಈಗ ನನ್ನ ಕಥೆ ಹೇಳುತ್ತೇನೆ. ಇದನ್ನು ಹೇಳುವುದಕ್ಕೇ ಬರೆಯಲು ಒಪ್ಪಿಕೊಂಡಿದ್ದು.

2023ರಲ್ಲಿ ತಿಪಟೂರಿನ ಎಪಿಎಂಸಿಯಲ್ಲಿ ಕೊಬ್ಬರಿ ಬೆಲೆ ಬಿದ್ದುಹೋಗಿತ್ತು. ಬೆಂಬಲ ಬೆಲೆಯೇ 11,750 ಇತ್ತು, ಮಾರುಕಟ್ಟೆಯಲ್ಲಿ ಅದೂ ಸಿಗಲಿಲ್ಲ. ಅಟ್ಟದಲ್ಲಿ ಕಾಯಿ ಇಟ್ಟುಕೊಂಡು ಕೂತಿದ್ದೆವು. 2025ಕ್ಕೆ ಗಾಳಿ ತಿರುಗಿತು. ಉಂಡೆ ಕೊಬ್ಬರಿ ಕ್ವಿಂಟಾಲಿಗೆ 25 ಸಾವಿರ ದಾಟಿತು. ಜನ್ಮದಲ್ಲಿ ನೋಡದ ರೇಟು. ಅಮ್ಮನಿಗೆ ಎರಡು ತಿಂಗಳಿಗೊಮ್ಮೆ ಬೆಂಗಳೂರಿನ ಆಸ್ಪತ್ರೆಗೆ ಹೋಗುವುದಿರುತ್ತದೆ. ಹಳೇ ಸಣ್ಣ ಕಾರಿನಲ್ಲಿ ಹೋಗಿ ಬಂದರೆ ಮೂರು ದಿನ ಸೊಂಟ ಹಿಡಿದುಕೊಳ್ಳುತ್ತಾಳೆ. ಒಂದು ಒಳ್ಳೇ ಕಾರು ತರೋಣ ಅಂತ ಮನೆಯಲ್ಲಿ ತೀರ್ಮಾನ ಆಯಿತು.

ತುಮಕೂರಿನ ಬಿ.ಎಚ್. ರಸ್ತೆಯ ಶೋರೂಮಿಗೆ ಹೋದೆವು. ತೆರಿಗೆ ಬಿಟ್ಟು ಹೆಚ್ಚು ಕಡಿಮೆ 14 ಲಕ್ಷದ ಗಾಡಿ. ಆಗ ದೊಡ್ಡ ಎಸ್‌ಯುವಿಗೆ ಜಿಎಸ್‌ಟಿ ಮತ್ತು ಕೇಂದ್ರದ ಸೆಸ್ ಸೇರಿ ಶೇ. 50. ಅಲ್ಲಿಗೆ 21 ಲಕ್ಷ. 20 ದಾಟಿದ್ದರಿಂದ ಲೈಫ್ ಟ್ಯಾಕ್ಸ್ ಶೇ. 18. ರಾಜ್ಯದ ಸೆಸ್ ಸೇರಿ 4 ಲಕ್ಷ 19 ಸಾವಿರ. ನನ್ನ ಹೆಂಡತಿ ಕೊಟೇಶನ್ ಹಿಡಿದುಕೊಂಡು, "ರೀ, ಇದರಲ್ಲಿ ಕಾರು ಎಲ್ಲಿದೆ?" ಅಂದಳು. ಆದರೂ ಕೊಂಡೆವು. ವರಮಹಾಲಕ್ಷ್ಮಿ ಹಬ್ಬದ ದಿನವೇ ಮನೆಗೆ ಬರಬೇಕು ಅಂತ ಅಮ್ಮನ ಆಸೆ. ಆಗಸ್ಟ್ 8, ಶುಕ್ರವಾರ. ಕಾರಿಗೆ ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ತಂದೆವು.

ಆಗಸ್ಟ್ 15ಕ್ಕೆ ಟಿವಿ ಹಾಕಿದರೆ ಕೆಂಪುಕೋಟೆಯಿಂದ ಪ್ರಧಾನಿ ಮಾತಾಡುತ್ತಿದ್ದರು. ಜಿಎಸ್‌ಟಿ ಸುಧಾರಣೆ, ದೀಪಾವಳಿಗೆ ಉಡುಗೊರೆ ಅಂತ. ಕಾರು ಬಂದು ಒಂದು ವಾರ! ಸೆಪ್ಟೆಂಬರ್ 22ರಿಂದ ಹೊಸ ದರ ಬಂತು. ದೊಡ್ಡ ಕಾರಿಗೆ ಒಂದೇ ಶೇ. 40, ಕೇಂದ್ರದ ಸೆಸ್ ಇಲ್ಲ. ನನ್ನ ದೊಡ್ಡಪ್ಪನ ಮಗ, ನನಗಿಂತ ಆರು ವರ್ಷ ಚಿಕ್ಕವನು, ಆಯುಧಪೂಜೆಗೆ ಅದೇ ಕಾರು ತಂದ. ಬಣ್ಣವೂ ಅದೇ. ಅವನಿಗೆ ಶೋರೂಮ್ ಬೆಲೆ 19 ಲಕ್ಷ 60 ಸಾವಿರ. 20ರ ಒಳಗೆ ಬಂದಿದ್ದರಿಂದ ಲೈಫ್ ಟ್ಯಾಕ್ಸೂ ಶೇ. 17ಕ್ಕೆ ಇಳಿಯಿತು. ಎಲ್ಲ ಸೇರಿ ಅವನಿಗೆ ಉಳಿದಿದ್ದು ಸುಮಾರು 1 ಲಕ್ಷ 90 ಸಾವಿರ. ಏಳೂವರೆ ಕ್ವಿಂಟಾಲ್ ಕೊಬ್ಬರಿ! ಮದುವೆ ಮನೆ ಮುಂದೆ ಈಗ ಎರಡೂ ಕಾರು ಅಕ್ಕಪಕ್ಕ ನಿಲ್ಲುತ್ತವೆ. ಅವನು ಏನೂ ಹೇಳುವುದಿಲ್ಲ. ಸುಮ್ನೆ ನಗುತ್ತಾನೆ. ಹೇಳಿದ್ದರೂ ಪರವಾಗಿರಲಿಲ್ಲ.

ನನ್ನ ಸಂಕಟ ಹಾಗಿರಲಿ. ಇದರಿಂದ ಗೊತ್ತಾಗುವುದೇನು? ಕಾರು ಅದೇ, ರಸ್ತೆ ಅದೇ, ಓಡಿಸುವವರು ಅದೇ ಮನೆಯವರು. ಬದಲಾಗಿದ್ದು ತೆರಿಗೆ ಒಂದೇ. ಆ ನವರಾತ್ರಿಯಿಂದ ದೀಪಾವಳಿವರೆಗೆ ಶೋರೂಮುಗಳಲ್ಲಿ ನಿಲ್ಲುವುದಕ್ಕೆ ಜಾಗ ಇರಲಿಲ್ಲ. ಮೂರು ವರ್ಷದಿಂದ ನೋಡೋಣ ನೋಡೋಣ ಅಂತಿದ್ದವರೆಲ್ಲ ತಗೊಂಡರು. ತೆರಿಗೆ ಇಳಿದರೆ ಜನ ಕೊಳ್ಳುತ್ತಾರೆ. ಸರ್ಕಾರಕ್ಕೂ ನಷ್ಟ ಇಲ್ಲ. ಒಂದು ಕಾರಿನಿಂದ ಜಾಸ್ತಿ ಕೀಳುವ ಬದಲು ನಾಲ್ಕು ಕಾರಿನಿಂದ ಹದವಾಗಿ ತಗೊಳ್ಳಲಿ.

ಜಾಸ್ತಿ ತೆರಿಗೆ ಹಾಕಿದರೆ ಕಾರಿನ ಆಕಾರವೇ ಕೆಡುತ್ತದೆ. ಇದು ತಮಾಷೆಯಲ್ಲ. 2006ರ ಬಜೆಟ್ಟಿನಲ್ಲಿ 4 ಮೀಟರ್ ಒಳಗಿನ ಸಣ್ಣ ಕಾರಿಗೆ ಸುಂಕ ಇಳಿಸಿದರು. 2008ಕ್ಕೆ ಟಾಟಾ ಇಂಡಿಗೋ ಸಿಎಸ್ ಬಂತು. ಡಿಕ್ಕಿ ಕತ್ತರಿಸಿ 4 ಮೀಟರಿಗೆ ತಂದ ಕಾರು. ಆಮೇಲೆ ಎಲ್ಲ ಕಂಪನಿಗಳೂ ಅದೇ ದಾರಿ ಹಿಡಿದವು. ಈಗಲೂ ಅದೇ ಗೆರೆ. 4 ಮೀಟರ್ ಒಳಗಿದ್ದು ಎಂಜಿನ್ನೂ ಸಣ್ಣದಿದ್ದರೆ ಶೇ. 18, ಒಂದು ಬೆರಳು ಉದ್ದ ಆದರೂ ಶೇ. 40. ಕಾರಿನ ಅಳತೆ ತೆಗೆದಿದ್ದು ಎಂಜಿನಿಯರ್ ಅಲ್ಲ, ತೆರಿಗೆ ಗುಮಾಸ್ತ.

ಲೈಫ್ ಟ್ಯಾಕ್ಸೂ ಹಾಗೇ. 20 ಲಕ್ಷಕ್ಕಿಂತ ಒಂದು ರೂಪಾಯಿ ಜಾಸ್ತಿ ಆದರೆ ಆ ಒಂದು ರೂಪಾಯಿಗಲ್ಲ, ಪೂರ್ತಿ ಬೆಲೆಗೇ ಶೇ. 18. ಅದಕ್ಕೇ ಜನ ಗೆರೆಯ ಕೆಳಗಿನ ವೇರಿಯಂಟ್ ಹುಡುಕುತ್ತಾರೆ. ಸನ್‌ರೂಫ್ ಬಿಟ್ಟರೆ ಸರಿ. ಸುರಕ್ಷತೆಯ ಸಲಕರಣೆ ಬಿಟ್ಟರೆ?

ಇನ್ನು ಪುದುಚೇರಿ. ಅಲ್ಲಿ ತೆರಿಗೆ ಕಡಿಮೆ ಅಂತ ಅಲ್ಲಿನ ವಿಳಾಸ ಕೊಟ್ಟು ರಿಜಿಸ್ಟರ್ ಮಾಡಿಸಿ, ಪಿವೈ ನಂಬರಿನ ಕಾರನ್ನು ಬೆಂಗಳೂರಿನಲ್ಲಿ ಓಡಿಸುತ್ತಾರೆ. ಇದು ತಪ್ಪು, ಒಪ್ಪುತ್ತೇನೆ. ಆದರೆ ಅವರನ್ನು ಅಲ್ಲಿಗೆ ಓಡಿಸಿದ್ದು ಯಾರು?

ವಿರೋಧ ಬರೆಯುವವರು ಏನು ಹೇಳುತ್ತಾರೆ ಅಂತ ನನಗೆ ಗೊತ್ತು. ದುಡ್ಡಿದ್ದವರು ಕೊಡಲಿ, ಇಲ್ಲದಿದ್ದರೆ ಬಸ್ಸಿನಲ್ಲಿ ಹೋಗಲಿ ಅಂತಾರೆ. ಸ್ವಾಮಿ, ಸೊಂಟ ನೋವಿನ ಎಂಬತ್ತರ ಮುದುಕಿಯನ್ನು ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಹತ್ತಿಸಿ ಬೆಂಗಳೂರಿನಲ್ಲಿ ಇಳಿಸಿ ನೋಡಿ, ಆಮೇಲೆ ಬರೆಯಿರಿ. ತೆರಿಗೆ ಬೇಡ ಅಂತ ನಾನು ಹೇಳುತ್ತಿಲ್ಲ. ಕಾರಿಗೆ ಹಾಕಿ. ತೆರಿಗೆಗೆ ತೆರಿಗೆ ಹಾಕಬೇಡಿ ಅಷ್ಟೇ.

ಅಮ್ಮ ನಮ್ಮ ಕಾರನ್ನು "ಶ್ರಾವಣದ ಕಾರು" ಅಂತಾಳೆ, ತಮ್ಮನದ್ದನ್ನು "ನವರಾತ್ರಿ ಕಾರು". ಮೊನ್ನೆ ಆಸ್ಪತ್ರೆಗೆ ಅವನ ಕಾರಿನಲ್ಲಿ ಹೋಗಿ ಬಂದು, ಸೀಟು ಎರಡರದ್ದೂ ಒಂದೇ ಥರ ಇದೆ ಕಣೋ ಅಂದಳು.

ವಿರೋಧ: ತೆರಿಗೆ ಬರೀ ನೆಪ
(ಬರೆದವರು ತುಮಕೂರಿನ ತೆರಿಗೆ ಸಲಹೆಗಾರರು)

ನಾನು ಪರ ಬರೆಯುತ್ತೇನೆ ಅಂದಿದ್ದೆ. ಅದು ಆಗಲೇ ತೆಂಗಿನ ತೋಟದವರೊಬ್ಬರಿಗೆ ಹೋಗಿದೆ, ವಿರೋಧ ಖಾಲಿ ಇದೆ ಅಂದರು. ಇರಲಿ. ದಿನಾ ಇನ್ನೊಬ್ಬರ ಪರವಾಗಿ ಲೆಕ್ಕ ಬರೆಯುವವನಿಗೆ ಇದೇನು ದೊಡ್ಡದು.

ದುಬಾರಿ ಕಾರಿಗೆ ಜಾಸ್ತಿ ತೆರಿಗೆ ಇರುವುದು ಸರಿ. ಯಾಕೆಂದರೆ ಅದನ್ನು ಕೊಡಲು ಆಗುವವರೇ ಅದನ್ನು ಕೊಳ್ಳುವುದು. ಸಣ್ಣ ಕಾರಿಗೆ ಶೇ. 18, ದೊಡ್ಡದಕ್ಕೆ ಶೇ. 40. ರಾಜ್ಯದ ತೆರಿಗೆಯಲ್ಲೂ 5 ಲಕ್ಷದ ಒಳಗಿನ ಕಾರಿಗೆ ಶೇ. 13, ಆಮೇಲೆ 14, 17, 18 ಅಂತ ಮೆಟ್ಟಿಲು ಇದೆ. ಮೇಲೆ ಹತ್ತಿದವರು ಸ್ವಲ್ಪ ಜಾಸ್ತಿ ಕೊಡಲಿ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಆ ದುಡ್ಡು ಎಲ್ಲಿಂದಲಾದರೂ ಬರಬೇಕಲ್ಲ. ಟೋಲ್ ಬೇರೆ ಕಟ್ಟುತ್ತೇವೆ ಅಂತ ಕೂಗುವವರಿಗೆ 2025ರಲ್ಲಿ 3,000 ರೂಪಾಯಿಗೆ 200 ಸಲ ಟೋಲ್ ದಾಟುವ ವಾರ್ಷಿಕ ಪಾಸ್ ಬಂತು.

ಇಷ್ಟು ಕರ್ತವ್ಯಕ್ಕೆ. ಈಗ ನನಗೆ ನಿಜವಾಗಿ ಗೊತ್ತಿರುವ ವಿಷಯಕ್ಕೆ ಬರುತ್ತೇನೆ.

ತೆರಿಗೆ ನೋಡಿ ಕಾರು ಬೇಡ ಅಂದವರನ್ನು ನಾನು ಕಂಡಿದ್ದು ಕಡಿಮೆ. ತೆರಿಗೆಯ ಹೆಸರು ಹೇಳಿ ಕಾರು ಕೊಂಡವರನ್ನು ತುಂಬಾ ಕಂಡಿದ್ದೇನೆ. ಪ್ರತಿ ವರ್ಷ ಮಾರ್ಚ್ ಕೊನೆಯ ವಾರ ಯಾರಾದರೂ ಒಬ್ಬರು ಬರುತ್ತಾರೆ. ಒಂದು ಸಲ ಅಕ್ಕಿ ಗಿರಣಿಯವರು ಬಂದರು. "ಸಾರ್, ಟ್ಯಾಕ್ಸ್ ಉಳಿಸೋಕೆ ಫರ್ಮ್ ಹೆಸರಲ್ಲಿ 30 ಲಕ್ಷದ ಕಾರು ತಗೋತಿದೀನಿ" ಅಂದರು. ಕೂರಿಸಿ ಲೆಕ್ಕ ಹೇಳಿದೆ. ವ್ಯಾಪಾರಕ್ಕೆ ಬಳಸುವ ಕಾರಿಗೆ ವರ್ಷಕ್ಕೆ ಶೇ. 15 ಸವಕಳಿ, ನೀವು ಹೇಳುವ ಡಿಪ್ರಿಸಿಯೇಷನ್. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದರೆ ಅದರ ಅರ್ಧ. ಮಾರ್ಚಿನಲ್ಲಿ ತಂದರೆ ಶೇ. 7.5 ಮಾತ್ರ. 30 ಲಕ್ಷಕ್ಕೆ 2,25,000 ಖರ್ಚು ತೋರಿಸಬಹುದು. ಶೇ. 30 ತೆರಿಗೆ ಅಂದರೆ ನಿಮಗೆ ಈ ವರ್ಷ ಉಳಿಯುವುದು 67,500. ಕಾರಿಗೆ ಕೊಟ್ಟ ಜಿಎಸ್‌ಟಿಯೂ ನಿಮ್ಮಂಥವರಿಗೆ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆಯಲು ಆಗುವುದಿಲ್ಲ.

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಕಾಫಿ ಕುಡಿದರು. "ಸರಿ ಸಾರ್, ಆದ್ರೂ ಪಕ್ಕದ ಮಿಲ್ಲಿನೋರು ತಗೊಂಡಿದಾರಲ್ಲ" ಅಂದರು. ಯುಗಾದಿಗೆ ಕಾರು ಬಂತು. ನನ್ನ ಕಚೇರಿ ಮುಂದೆಯೇ ತಂದು ನಿಲ್ಲಿಸಿ ಒಂದು ರೌಂಡ್ ಕರೆದುಕೊಂಡು ಹೋದರು. ಸೀಟು ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ನನ್ನ ವಾದ ಇಷ್ಟೇ. ದುಬಾರಿ ಕಾರು ತರಿಸುವುದು ಪಕ್ಕದ ಮಿಲ್ಲಿನವರು, ಬೀಗರು, ದಾಯಾದಿಗಳು. ತೆರಿಗೆ ಏರಿದರೂ ತರುತ್ತಾರೆ, ಇಳಿದರೂ ತರುತ್ತಾರೆ. ಹಾಗಿರುವಾಗ ಇಳಿಸಿ ಏನು ಪ್ರಯೋಜನ?

ಪರ ಬರೆದವರು ತೆರಿಗೆಗೆ ತೆರಿಗೆ ಅಂತ ಗ್ಯಾರಂಟಿ ಬರೆದಿರುತ್ತಾರೆ. ಕೇಳಲು ಚೆನ್ನಾಗಿದೆ. ಅದಕ್ಕೆ ಉತ್ತರ ಬರೆಯಲು ಇಲ್ಲಿ ಜಾಗ ಸಾಲದು. ಆದರೆ ಅವರಿಗೆ ಒಂದು ಪ್ರಶ್ನೆ. ತೆಂಗಿನ ತೋಟದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ನನ್ನ ಬಳಿ ಬರುವ ಸಂಬಳದವರು 24 ಲಕ್ಷದ ಮೇಲಿನ ದುಡಿಮೆಗೆ ಶೇ. 30 ಕೊಟ್ಟು, ಉಳಿದಿದ್ದರಲ್ಲಿ ಕಾರಿನ ತೆರಿಗೆ ಕಟ್ಟುತ್ತಾರೆ. ಕೊಬ್ಬರಿ ದುಡ್ಡಿನಲ್ಲಿ ಕಾರು ಕೊಳ್ಳುವವರು ತೆರಿಗೆ ಮುಖ ನೋಡುವುದೇ ಶೋರೂಮಿನಲ್ಲಿ. ಅಲ್ಲೂ ಬೇಡ ಅಂದರೆ ಹೇಗೆ?

ಪುದುಚೇರಿ ನಂಬರಿನ ವಿಷಯ ಕೂಡ ಬಂದಿರುತ್ತದೆ. ಬೀಗ ಗಟ್ಟಿ ಆಗಿದ್ದಕ್ಕೇ ಕಳ್ಳರು ಹುಟ್ಟಿಕೊಂಡರು ಅನ್ನುವ ವಾದ ಅದು. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿದ್ದರೆ ಇಲ್ಲಿನ ನಂಬರ್ ಪಡೆಯಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಗೆ ಸಾರಿಗೆ ಇಲಾಖೆ ಗಡುವು ಕೊಟ್ಟಿತು. ಮಾಲೀಕರು ದಂಡ ಸೇರಿ 1 ಕೋಟಿ 41 ಲಕ್ಷಕ್ಕೂ ಜಾಸ್ತಿ ಕಟ್ಟಿದರು. ಅಷ್ಟು ಇತ್ತು ಅಂತಲೇ ಅಲ್ವಾ ಕಟ್ಟಿದ್ದು?

ಒಂದು ಮಾತು ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ನನ್ನ ಕಕ್ಷಿದಾರರು ನಗುತ್ತಾರೆ. 20 ಲಕ್ಷದ ಗೆರೆ ದಾಟಬೇಡಿ, ಸ್ವಲ್ಪ ಕೆಳಗಿನ ಮಾಡೆಲ್ ನೋಡಿ ಅಂತ ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಅವರೂ ಕೇಳಿದ್ದಾರೆ. ಕಳೆದ ದೀಪಾವಳಿ ಹೊತ್ತಿಗೆ ನನ್ನ ಮಗ ಎಲೆಕ್ಟ್ರಿಕ್ ಕಾರು ನೋಡುತ್ತಿದ್ದ. ಅದಕ್ಕೆ ಜಿಎಸ್‌ಟಿ ಬರೀ ಶೇ. 5. ಆದರೆ 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರಿಗೆ ರಾಜ್ಯ 2024ರಲ್ಲಿ ಶೇ. 10 ಲೈಫ್ ಟ್ಯಾಕ್ಸ್ ಹಾಕಿತ್ತು. ಅವನು ಮೂರು ಕಾರಿನ ಪಟ್ಟಿ ಮಾಡಿಕೊಂಡು ಬಂದಿದ್ದ. ಮೂರೂ 25ರ ಒಳಗೇ ಇದ್ದವು. ಯಾಕೆ ಅಂತ ನಾನು ಕೇಳಲಿಲ್ಲ.